ಮಂಜಿನೂರಿನ ಓರೆ ಉಳಿ

ರಾಮನಗರ

ನಾನು ಜಪಾನಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ, ಊಟಕ್ಕೇನು ಮಾಡಿದೆ ಎಂಬುದು. ಎರಡನೆಯದು, ಟೇಪ್ ರೆಕಾರ್ಡರ್ ತಂದೆಯಾ ಎಂಬುದು. ಊಟಕ್ಕೆ ಅನ್ನವಿತ್ತು. ಟೇಪ್ ರೆಕಾರ್ಡರ್ ತರಲಿಲ್ಲ. ನಾನು ಹೋದದ್ದು ಒಂದು ಉಳಿಯನ್ನು ನೋಡಲು, ಅದನ್ನೂ ಸರಿಯಾಗಿ ನೋಡುವ ಮೊದಲೇ ಕೆಡಿಸಿದೆ. ಹಾಗಾಗಿ ಈ ಬರಹದಲ್ಲಿ ದೇವಸ್ಥಾನ, ಹೂವಿನ ಮರ, ಬುಲೆಟ್ ರೈಲು ಹುಡುಕುವವರು ಇಲ್ಲಿಗೇ ನಿಲ್ಲಿಸಬಹುದು.

ಅದು ರೇಷ್ಮೆಯ ಕಾಲ. ಕನಕಪುರದ ಬಸ್ಸಾಗಲಿ ಮಾಗಡಿಯ ಬಸ್ಸಾಗಲಿ, ಟಾಪಿನ ಮೇಲೆ ಗೂಡಿನ ಮೂಟೆಯಿಲ್ಲದೆ ರಾಮನಗರಕ್ಕೆ ಬರುತ್ತಿರಲಿಲ್ಲ. ನಾನು ಹೊಂಗನೂರಿನ ಬೇಸಾಯದ ಮನೆಯವನು. ಚಿಕ್ಕಂದಿನಲ್ಲೇ ಚನ್ನಪಟ್ಟಣಕ್ಕೆ ಬಂದು ಉಸ್ತಾದರೊಬ್ಬರ ಹತ್ತಿರ ಮರ ಕಡೆಯುವ ಕೆಲಸ ಕಲಿತೆ. ಸುತ್ತಲಿನವರೆಲ್ಲ ಗೊಂಬೆ ಮಾಡುತ್ತಿದ್ದಾಗ ನಮ್ಮ ಶೆಡ್ಡಿನ ಒಂಬತ್ತು ಜನ ಮಾತ್ರ ರೇಷ್ಮೆ ನೂಲು ಸುತ್ತುವ ಮರದ ಬಾಬಿನ್ನುಗಳನ್ನು ಮಾಡುತ್ತಿದ್ದೆವು. ನೂಲು ತೆಗೆಯುವ ರೀಲರುಗಳು ಬಂದು ಬಾಗಿಲಲ್ಲಿ ಕಾದು ನಿಂತು ಒಯ್ಯುತ್ತಿದ್ದರು.

ಆಮೇಲೆ ಅವರೇ ಬಂದು ನೂಲು ಹರಿಯುತ್ತಿದೆ ಎಂದು ದೂರಲು ಶುರು ಮಾಡಿದರು. ಕೈಯಾಡಿಸಿದರೆ ನಮ್ಮ ಬಾಬಿನ್ನು ನುಣುಪಾಗಿಯೇ ಇತ್ತು. ಆದರೆ ರೇಷ್ಮೆಯ ಎಳೆಗೆ ನಮ್ಮ ಬೆರಳಿಗಿಂತ ಹೆಚ್ಚು ಗೊತ್ತಾಗುತ್ತದೆ. ನಾವು ಕಡೆದ ಮೇಲೆ ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದೆವು. ಉಜ್ಜಿದಾಗ ಮರದ ಮೈಮೇಲೆ ಕಣ್ಣಿಗೆ ಕಾಣದ ರೋಮ ಏಳುತ್ತದೆ, ಎಳೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಈ ಹಂಗಾಮು ಮುಗಿಯುವುದರೊಳಗೆ ಸರಿಮಾಡದಿದ್ದರೆ ಪ್ಲಾಸ್ಟಿಕ್ಕಿನದಕ್ಕೆ ಹೋಗುತ್ತೇವೆ ಎಂದು ರೀಲರುಗಳು ಹೇಳಿದರು. ಉಳಿದ ಎಂಟು ಜನರೂ ನನ್ನ ಮುಖ ನೋಡಿದರು, ಶೆಡ್ಡಿಗೆ ನಾನೇ ಹಿರಿಯನಲ್ಲವೇ.

ದಾರಿ ತೋರಿಸಿದವರು ಹರಾದ. ನಮ್ಮ ರೈತರಿಗೆ ಹುಳು ಸಾಕುವುದನ್ನು ಹೇಳಿಕೊಡಲು ಬಂದು, ಎರಡು ವರ್ಷ ನಮ್ಮ ತಾಲ್ಲೂಕುಗಳಲ್ಲೇ ತಿರುಗಾಡಿದ ಜಪಾನಿನವರು. ಅವರ ಕನ್ನಡ ಪುಸ್ತಕದ್ದಲ್ಲ, ನಮ್ಮ ಹುಳದ ಮನೆಗಳದ್ದು. ಕಣ್ಣು ಮುಚ್ಚಿ ಕೇಳಿದರೆ ಹೊಂಗನೂರಿನ ಯಾರೋ ದಾಯಾದಿ ಮಾತಾಡಿದಂತೆ ಇರುತ್ತಿತ್ತು. ಒಂದು ದಿನ ಅವರು ಚೀಲದಿಂದ ತಮ್ಮೂರಿನ ಒಂದು ಬಾಬಿನ್ನು ತೆಗೆದುಕೊಟ್ಟರು. ನಾನು ಅದನ್ನು ಕೆನ್ನೆಗೆ ಉಜ್ಜಿಕೊಂಡೆ, ತುಟಿಗೆ ತಾಗಿಸಿದೆ. ಎಲ್ಲೂ ರೋಮವಿರಲಿಲ್ಲ.

“ಇದಕ್ಕೆ ಕಾಗ್ದ ಮುಟ್ಸಿಲ್ಲ ನಂಜಣ್ಣ,” ಎಂದರು ಹರಾದ. “ಓರೆ ಉಳಿ ಒಂದ್ರಲ್ಲೇ ಮುಗ್ಸಿರೋದು. ನಮ್ಮೂರಲ್ಲಿ ಒಬ್ರು ಯಜಮಾನ್ರು ಅವ್ರೆ. ಅವ್ರು ಉಳಿ ಇಡಿಯೋದ ನೀನು ನೋಡ್ಬೇಕು.”

ಓರೆ ಉಳಿ ಎಂದರೆ ಬಾಯಿಯನ್ನು ಓರೆಯಾಗಿ ಕತ್ತರಿಸಿದ ಚಪ್ಪಟೆ ಉಳಿ. ಒಂದು ಮೂಲೆ ಉದ್ದ, ಮೊನಚು, ಇನ್ನೊಂದು ಗಿಡ್ಡ. ಸರಿಯಾಗಿ ಹಿಡಿದರೆ ಅದು ಮರವನ್ನು ಹೆರೆಯುವುದಿಲ್ಲ, ಸುಲಿಯುತ್ತದೆ. ಉದ್ದ ಮೂಲೆ ತಪ್ಪಿ ತಾಗಿತೋ, ಕಚ್ಚುತ್ತದೆ, ಮರದ ಮೈಯಲ್ಲಿ ಹಾವು ಸುತ್ತಿದಂತೆ ಗಾಯ ಬೀಳುತ್ತದೆ. ನಮ್ಮಲ್ಲಿ ಎಲ್ಲರಿಗೂ ಅದರ ಭಯ. ಗೆರೆ ಹಾಕಲು ಮಾತ್ರ ಅದನ್ನು ಎತ್ತಿಕೊಂಡು, ಉಳಿದದ್ದನ್ನು ಗುಂಡು ಉಳಿಯಲ್ಲೇ ಸಾಗಿಸುತ್ತೇವೆ. ನನಗೂ ಒಳಗೊಳಗೇ ಭಯವಿತ್ತು, ಆದರೆ ಎಂಟು ಜನರ ಎದುರಿಗೆ ಅದನ್ನು ಹೇಳಲಿಲ್ಲ. ಹರಾದ ಕಾಗದ ಬರೆದರು, ಬರಲಿ ತೋರಿಸುತ್ತೇನೆ ಎಂದು ಯಜಮಾನರಿಂದ ಉತ್ತರ ಬಂತು, ಹರಾದ ರಜೆಯಲ್ಲಿ ಊರಿಗೆ ಹೊರಟಾಗ ನಾನೂ ಜೊತೆಗೆ ಹೊರಟೆ.

ವಿಮಾನ ಇಳಿದಲ್ಲಿ

ಇಳಿದ ಕೂಡಲೇ ನನ್ನ ಚೀಲ ಬಿಚ್ಚಿಸಿದರು. ಬಿಳಿ ಕೈಗವಸು ತೊಟ್ಟ ಅಧಿಕಾರಿ ನನ್ನ ಐದು ಉಳಿಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿದ. ಹರಾದ ಬೇರೆ ಸಾಲಿನಲ್ಲಿದ್ದರು. ನನಗೆ ಭಾಷೆ ಬಾರದು. ಕೊನೆಗೆ ನಾನು ಕುಕ್ಕರುಗಾಲಲ್ಲಿ ಕೂತು, ಇಲ್ಲದ ತಿರುಗಣೆಯ ಮೇಲೆ ಇಲ್ಲದ ಮರವನ್ನು ಕಡೆದು, ಬಾಯಲ್ಲಿ ಗರ್ರೆಂದು ಸದ್ದು ಮಾಡಿ ತೋರಿಸಿದೆ. ಆತ ಸ್ವಲ್ಪ ಹೊತ್ತು ನೋಡಿ, ತಾನೂ ಅದೇ ಸದ್ದು ಮಾಡಿ ತಲೆದೂಗಿದ. ಉಳಿಗಳನ್ನು ಬಿಟ್ಟು ಮಾವಿನ ಉಪ್ಪಿನಕಾಯಿಯನ್ನು ಹಿಡಿದುಕೊಂಡ.

ಅಲ್ಲಿಂದ ಮುಂದೆ ನಾನು ಕಂಡದ್ದೆಲ್ಲ ಕಡೆದ ವಸ್ತುಗಳನ್ನೇ. ನನ್ನ ಕಣ್ಣಿನ ಚಾಳಿ ಅದು. ಮೆಟ್ಟಿಲಿನ ಕಂಬ, ಬಾಗಿಲ ಗುಂಡು, ಊಟದ ಬಟ್ಟಲು, ಏನು ಸಿಕ್ಕರೂ ಬೆಳಕಿಗೆ ಓರೆಮಾಡಿ ಉಳಿಯ ಗುರುತು ಹುಡುಕುತ್ತೇನೆ. ಹೋಟೆಲಿನಲ್ಲಿ ಬಟ್ಟಲನ್ನು ತಲೆಕೆಳಗು ಮಾಡಿ ನೋಡಲು ಹೋಗಿ ಸಾರು ಮಡಿಲಿಗೆ ಬಿತ್ತು. ಬಡಿಸುವ ಹೆಂಗಸು ಓಡಿಬಂದು, ತಾನೇ ತಪ್ಪು ಮಾಡಿದವಳ ಹಾಗೆ ನನ್ನ ಮುಂದೆ ಬಾಗಿ ಬಾಗಿ ಕ್ಷಮೆ ಕೇಳಿದಳು. ನಮ್ಮ ಚನ್ನಪಟ್ಟಣದ ಹೋಟೆಲಿನಲ್ಲಾಗಿದ್ದರೆ ಟೇಬಲ್ ಒರೆಸುವ ಬಟ್ಟೆಯನ್ನು ನನ್ನ ಕಡೆಗೆ ಎಸೆಯುತ್ತಿದ್ದರು.

ಬೆಟ್ಟದ ಊರು

ಹರಾದರ ಊರು ಬೆಟ್ಟದ ಮೇಲಿತ್ತು. ಬಸ್ಸು ಏರಿದಂತೆಲ್ಲ ಮಂಜು ಗಟ್ಟಿಯಾಗುತ್ತ ಹೋಗಿ, ಕೊನೆಗೆ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಓಡಿಸಿದ. ಇಳಿದಾಗ ಕಂಡದ್ದು ಹಿಪ್ಪುನೇರಳೆ ತೋಟ. ಅದೇ ಜಾಗದಲ್ಲಿ ವರ್ಷಾವರ್ಷ ಕತ್ತರಿಸಿ ಕತ್ತರಿಸಿ ಗಿಡಗಳ ತಲೆ ಗಂಟುಕಟ್ಟಿತ್ತು. ಎಲೆಯಿಲ್ಲದ ಆ ಗಿಡಗಳು ಮುಷ್ಟಿ ಎತ್ತಿದ ಕೈಗಳ ಹಾಗೆ ಸಾಲಾಗಿ ನಿಂತಿದ್ದವು. ಬಹಳ ತೋಟಗಳಲ್ಲಿ ಕತ್ತರಿಸುವವರೂ ಇರಲಿಲ್ಲ. ನಮ್ಮಲ್ಲಿ ರೇಷ್ಮೆ ಏರುತ್ತಿದ್ದ ಹೊತ್ತಿನಲ್ಲಿ ಅಲ್ಲಿ ಅದು ಇಳಿಯುತ್ತಿತ್ತು.

ಮನೆಗಳು ಎತ್ತರ. ಕೆಳಗೆ ಮನುಷ್ಯರು, ಮೇಲಿನ ಎರಡು ಅಟ್ಟ ಹುಳುಗಳಿಗೆ. ಊರಿನ ಹೆಚ್ಚಿನ ಅಟ್ಟಗಳು ಖಾಲಿ ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಹೊಂಗನೂರಿನ ನಮ್ಮ ಮನೆಯಲ್ಲಿ ಆ ವರ್ಷಗಳಲ್ಲಿ ಹುಳುವಿಗೆ ಜಾಗ ಸಾಲದೆ ಮನುಷ್ಯರು ಜಗಲಿಯಲ್ಲಿ ಮಲಗುತ್ತಿದ್ದೆವು. ಗೂಡು ಕಟ್ಟಲು ಹಣ್ಣಾಗುವ ಮುಂಚಿನ ಹುಳು ಸೊಪ್ಪು ತಿನ್ನುವ ಸದ್ದು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಶೀಟಿನ ಮೇಲೆ ಸಣ್ಣ ಮಳೆ ಬಿದ್ದಂತಿರುತ್ತದೆ. ಅದಿಲ್ಲದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಹೋದ ದಿನ ಮಧ್ಯಾಹ್ನ ಹರಾದರ ಮನೆಯಲ್ಲಿ ಒರಗಿದ್ದೆ. ತಲೆಯ ಮೇಲೆ ಆ ಸದ್ದು ಕೇಳಿಸಿತು. ಮನೆಗೆ ಬಂದ ಹಾಗೆನಿಸಿ ಖುಷಿಯಾಗಿ, ಹುಳು ನೋಡಲು ಏಣಿ ಹತ್ತಿ ಅಟ್ಟಕ್ಕೆ ಹೋದೆ. ಹುಳು ಇರಲಿಲ್ಲ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒರಗಿಸಿದ್ದರು, ಧೂಳೂ ಇರಲಿಲ್ಲ, ಸದ್ದೂ ನಿಂತಿತ್ತು. ಹಿಂದಿನಿಂದ ಹರಾದರ ತಾಯಿ ಹತ್ತಿ ಬಂದರು. ನನ್ನನ್ನು ನೋಡಿ ನಕ್ಕು, ಕಿವಿಯನ್ನು ಬೆರಳಲ್ಲಿ ತೋರಿಸಿ, ಹೌದು ಎಂಬಂತೆ ತಲೆಯಾಡಿಸಿದರು. ಆಮೇಲೆ ಹುಳುಗಳಿಗೆ ಗಾಳಿಯಾಡಲಿ ಎಂದು ನಾವು ತೆರೆಯುವ ಹೊತ್ತಿಗೇ ಸರಿಯಾಗಿ ಅಟ್ಟದ ಕಿಟಕಿಗಳನ್ನು ಒಂದೊಂದಾಗಿ ತೆರೆದರು.

ಯಜಮಾನರ ಮನೆ

ಸಂಜೆಗೆ ಮುಂಚೆ ಹರಾದ ನನ್ನನ್ನು ಯಜಮಾನರ ಮನೆಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಅವರು ಮಾತಾಡಲಿಲ್ಲ. ನಮ್ಮೂರಲ್ಲಿ ವಟವಟ ಎನ್ನುತ್ತಿದ್ದ ಮನುಷ್ಯ, ತನ್ನೂರಿನಲ್ಲಿ ಗಂಭೀರವಾಗುತ್ತಾರೆ ಎಂದುಕೊಂಡೆ.

ಬಾಗಿಲು ತೆರೆದವರು ಯಜಮಾನರ ಮಗಳು ಕಿಯೊ. ಐವತ್ತೈದು ದಾಟಿದ ಹೆಂಗಸು, ಬಲಗಾಲನ್ನು ತುಸು ಎಳೆದು ನಡೆಯುತ್ತಿದ್ದರು. ಅಂಗೈ ನೋಡಿದೆ, ಅಡ್ಡಡ್ಡವಾಗಿ ಜಡ್ಡುಗಟ್ಟಿತ್ತು. ಅವರು ನಮ್ಮನ್ನು ನೇರವಾಗಿ ಕೆಲಸದ ಕೋಣೆಗೆ ಕರೆದೊಯ್ದರು.

ನಮ್ಮ ಕಡೆ ಕರೆಂಟಿನ ತಿರುಗಣೆ ಬರುವ ಮೊದಲು ಕಮಾನು ಎಳೆದು ಮರ ತಿರುಗಿಸುತ್ತಿದ್ದರು, ನನ್ನ ಉಸ್ತಾದರು ಕಲಿತದ್ದು ಅದರಲ್ಲೇ. ಇಲ್ಲಿದ್ದದ್ದು ಹಗ್ಗದ ತಿರುಗಣೆ. ತಿರುಗುವ ದಂಡಕ್ಕೆ ಸೆಣಬಿನ ಹಗ್ಗ ಸುತ್ತಿ, ಒಬ್ಬರು ಎದುರು ಕೂತು ಎರಡು ತುದಿಗಳನ್ನು ಒಂದಾದ ಮೇಲೊಂದು ಎಳೆಯಬೇಕು. ಮರ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ತಿರುಗುತ್ತದೆ. ಉಳಿ ಒಂದು ಕಡೆಗೆ ತಿರುಗಿದಾಗ ಮಾತ್ರ ಕತ್ತರಿಸಿ, ಇನ್ನೊಂದಕ್ಕೆ ಸುಮ್ಮನೆ ಕಾಯುತ್ತದೆ. ಕಿಯೊ ಹದಿಮೂರನೆಯ ವಯಸ್ಸಿನಿಂದ ತಂದೆಗೆ ಹಗ್ಗ ಎಳೆದವರು. ಆ ಮನೆಯಲ್ಲಿ ಹೆಣ್ಣುಮಕ್ಕಳು ಹಗ್ಗ ಹಿಡಿಯುತ್ತಿದ್ದರು, ಉಳಿ ಹಿಡಿಯುತ್ತಿರಲಿಲ್ಲ. ನಮ್ಮ ಶೆಡ್ಡಿನಲ್ಲೂ ಹೆಂಗಸರು ಬಣ್ಣಕ್ಕೆ ಬರುತ್ತಾರೆ, ಉಳಿಗೆ ಬರುವುದಿಲ್ಲ, ಅದರಿಂದ ನನಗೆ ಅದೇನೂ ವಿಚಿತ್ರವೆನಿಸಲಿಲ್ಲ.

ವಿಚಿತ್ರವೆನಿಸಿದ್ದು ಬೇರೆ. ಕಡೆಯುವವರು ಕೂರುವ ಜಾಗದಲ್ಲಿ ಮೆತ್ತೆ ಹಾಕಿತ್ತು, ಅದರ ಪಕ್ಕದಲ್ಲಿ ಒಂದು ಲೋಟ ಚಹ. ನಮಗೆ ಚಹ ಕೊಡುವ ಮೊದಲು ಕಿಯೊ ಆ ಲೋಟದ ತಣ್ಣನೆಯ ಚಹ ಚೆಲ್ಲಿ ಬಿಸಿಯದನ್ನು ಹಾಕಿದರು. ನೆಲದ ಮೇಲೆ ಮರದ ಸುರುಳಿಗಳು ಗುಡಿಸದೆ ಬಿದ್ದಿದ್ದವು. ತಿರುಗಣೆಯಲ್ಲಿ ಅರ್ಧ ಕಡೆದ ಬಾಬಿನ್ನು ಹಾಗೇ ಕೂತಿತ್ತು. ಅದರ ಒಂದು ಅರ್ಧ ಒರಟು, ಇನ್ನೊಂದು ಅರ್ಧ ನಾನು ಕೆನ್ನೆಗೆ ಉಜ್ಜಿಕೊಂಡಿದ್ದಂಥದ್ದೇ. ಕಡೆಯುವಾಗ ಊರಿಕೊಳ್ಳುವ ಆಸರೆಯ ಮೇಲೆ ಉಳಿ ಒರಗಿಕೊಂಡಿತ್ತು. ಯಜಮಾನರು ಬಚ್ಚಲಿಗೆ ಎದ್ದು ಹೋಗಿದ್ದಾರೆ, ಈಗ ಬರುತ್ತಾರೆ ಅನ್ನುವ ಹಾಗಿತ್ತು.

ನಾವು ಚಹ ಕುಡಿಯುತ್ತಿರುವಾಗ ತಿರುಗಣೆ ಕಿರ್ರೆಂದು ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗಿ ನಿಂತಿತು. ನಾನು ಲೋಟ ಕೆಳಗಿಟ್ಟೆ. ಕಿಯೊ ತಿರುಗಿಯೂ ನೋಡದೆ ಏನೋ ಹೇಳಿದರು. ದಿನಾ ಈ ಹೊತ್ತಿಗೆ ಹೀಗೆಯೇ ಅಂತೆ ಎಂದರು ಹರಾದ. ಮಂಜಿಗೆ ಸೆಣಬಿನ ಹಗ್ಗ ಬಿಗಿದುಕೊಂಡು ದಂಡವನ್ನು ತಿರುಗಿಸುತ್ತದೆ ಎಂದು ಆಮೇಲೆ ನನಗೆ ತಿಳಿಯಿತು. ತಿಳಿದ ಮೇಲೂ ಆ ಹೊತ್ತಿಗೆ ನಾನು ಬೇರೆ ಕಡೆ ಮುಖ ಮಾಡಿ ಕೂರುತ್ತಿದ್ದೆ.

ಯಜಮಾನರು ಎಲ್ಲಿ ಎಂದು ಕೇಳಿದೆ. “ಇವತ್ತು ಬರಾಕಿಲ್ಲ,” ಎಂದರು ಹರಾದ, ನೆಲ ನೋಡುತ್ತ. “ಉಳಿ ನೋಡ್ಲಂತೆ. ಮೊದ್ಲು ಉಳಿ ನೋಡ್ಲಿ ಅಂತಾವ್ರೆ.” ಅಷ್ಟರಲ್ಲಿ ಕತ್ತಲಾಗುತ್ತಿತ್ತು, ನಾಳೆ ಬೆಳಕಿನಲ್ಲಿ ನೋಡುತ್ತೇನೆ ಎಂದೆ. ಅಲ್ಲೇ ನೋಡಿಬಿಟ್ಟಿದ್ದರೆ ಚೆನ್ನಾಗಿತ್ತು.

ಮರುದಿನ

ಬೆಳಿಗ್ಗೆ ಹರಾದ ಮತ್ತು ಕಿಯೊ ನನ್ನನ್ನು ಕೆಲಸದ ಕೋಣೆಯಲ್ಲಿ ಬಿಟ್ಟು, ಊರಿನ ಗುಡಿಯಲ್ಲಿ ಸ್ವಲ್ಪ ಕೆಲಸವಿದೆ ಎಂದು ಹೋದರು. ಒಬ್ಬನೇ ಉಳಿದೆ. ಉಳಿಯನ್ನು ಕೈಗೆತ್ತಿಕೊಂಡು ಕಣ್ಣಿಗೊತ್ತಿಕೊಂಡೆ.

ಓರೆ ಉಳಿಯನ್ನು ಆರಿಸುವಾಗ ನಾನು ನೋಡುವುದು ನಾಲ್ಕು ವಿಷಯ. ಎರಡು ಬೆರಳಿನ ಅಗಲವಿರಬೇಕು. ಕಿರಿದಾದರೆ ಮೂಲೆ ಬೇಗ ಕಚ್ಚುತ್ತದೆ. ದಪ್ಪವಿರಬೇಕು, ಇಲ್ಲದಿದ್ದರೆ ನಡುಗುತ್ತದೆ. ಬೆನ್ನಿನ ಅಂಚುಗಳು ಉರುಟಾಗಿ ಸವೆದಿರಬೇಕು, ಆಗ ಆಸರೆಯ ಮೇಲೆ ಎಡವದೆ ಜಾರುತ್ತದೆ. ಉಗುರಲ್ಲಿ ತಟ್ಟಿದರೆ ಸದ್ದು ತಡವಾಗಿ ಆರಬೇಕು. ಈ ಉಳಿಯಲ್ಲಿ ನಾಲ್ಕೂ ಇದ್ದವು. ಹಿಡಿಯಲ್ಲಿ ಹೆಬ್ಬೆರಳಿನ ಜಾಗ ಅರ್ಧ ಬೆರಳಿನಷ್ಟು ಆಳಕ್ಕೆ ಸವೆದಿತ್ತು.

ಬಾಯಿಯನ್ನು ಮಾತ್ರ ನೋಡಿ ಮರುಕವಾಯಿತು. ಮಸೆದ ಇಳಿಜಾರು ಸಪಾಟಾಗಿರದೆ ನಡುವೆ ಉಬ್ಬಿಕೊಂಡಿತ್ತು. ಅಂಚು ಸ್ವಲ್ಪ ಮಂಕಾಗಿತ್ತು. ವಯಸ್ಸಾದ ಕೈ, ನಡುಗಿ ಹೀಗಾಗಿದೆ ಎಂದುಕೊಂಡೆ. ಇನ್ನೊಬ್ಬರ ಉಳಿ ಮುಟ್ಟಿದರೆ ಮಸೆದೇ ಕೆಳಗಿಡಬೇಕು, ಇದು ಚನ್ನಪಟ್ಟಣದ ಮರ್ಯಾದೆ. ಮಸೆಯದೆ ಇಟ್ಟರೆ, ನಿನ್ನ ಉಳಿ ನನ್ನ ಕೈಗೆ ತಕ್ಕದ್ದಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಉಸ್ತಾದರ ಹತ್ತಿರ ಇದಕ್ಕಾಗಿ ನಾನು ಎರಡು ಸಲ ಏಟು ತಿಂದಿದ್ದೇನೆ. ಚೀಲದಿಂದ ನನ್ನ ಮಸೆಗಲ್ಲನ್ನು ತೆಗೆದು, ನೀರು ಚಿಮುಕಿಸಿ, ಗುಡಿಗೆ ಹೋದವರು ಬರುವವರೆಗೂ ಕೂತು ಆ ಉಬ್ಬನ್ನು ಪೂರ್ತಿ ತೆಗೆದೆ. ಇಳಿಜಾರು ಕನ್ನಡಿಯಂತಾಯಿತು. ನನ್ನ ಕೆಲಸ ನನಗೇ ಮೆಚ್ಚಿಗೆಯಾಗಿ, ಕಿಯೊ ಬಂದ ಕೂಡಲೇ ಎರಡೂ ಕೈಯಲ್ಲಿ ಹಿಡಿದು ತೋರಿಸಿದೆ.

ಅವರು ಉಳಿಯನ್ನು ತೆಗೆದುಕೊಳ್ಳಲಿಲ್ಲ. ಅದರ ಬಾಯಿಯನ್ನು ನೋಡಿದರು, ನನ್ನ ಕಲ್ಲಿನ ಮೇಲಿದ್ದ ಕಪ್ಪು ನೀರನ್ನು ನೋಡಿದರು. ಆಮೇಲೆ ಮೆಲ್ಲಗೆ ಕೂತು, ಆ ಕಪ್ಪು ನೀರನ್ನು ಬೆರಳಲ್ಲಿ ತೆಗೆದು ತಮ್ಮ ಅಂಗೈಗೆ ಹಾಕಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹರಾದ ಆಗ ಹೇಳಿದರು. ಯಜಮಾನರು ಸತ್ತು ಒಂದು ತಿಂಗಳ ಮೇಲಾಗಿತ್ತು. ನಾವು ಹೊರಡುವ ಮುಂಚೆಯೇ ಹೋಗಿದ್ದರು, ಹರಾದರಿಗೆ ತಿಳಿದದ್ದು ಊರಿಗೆ ಬಂದ ಮೇಲೆ. ಮೊದಲೇ ಹೇಳಿದರೆ ನಾನು ವಾಪಸು ಹೊರಟುಬಿಡುತ್ತೇನೆಂದು ಕಿಯೊ ಬೇಡವೆಂದಿದ್ದರಂತೆ. ಅರ್ಧ ಕಡೆದ ಆ ಬಾಬಿನ್ನಿನ ಮುಂದೆಯೇ ಯಜಮಾನರು ಒರಗಿದ್ದರು. ಅವರಿಗೆ ಆ ಕೆಲಸದಲ್ಲಿ ಬೇರೆ ಶಿಷ್ಯರಿರಲಿಲ್ಲ.

“ಅಪ್ಪ ನಿಮಗೆ ಮಾತು ಕೊಟ್ಟಿದ್ದ ಅಂತಾವ್ರೆ,” ಎಂದರು ಹರಾದ. “ಅವ್ನು ಕಡೇ ಸಲ ಮಸೆದಂಗೇ ಐತೆ, ನೀವು ಬಂದು ನೋಡ್ಕಳ್ಳೋಗಂಟ ಯಾರೂ ಮುಟ್ಬಾರ್ದು ಅಂತ ಇಟ್ಟಿದ್ರಂತೆ. ಆ ಉಬ್ಬೇ ನಂಜಣ್ಣ ಅವನ ಗುಟ್ಟು.”

ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಷ್ಟು ದೂರದಿಂದ ಕಲಿಯಲು ಬಂದದ್ದನ್ನು ನಾನೇ ನನ್ನ ಕೈಯಾರೆ ಕಲ್ಲಿಗೆ ಉಜ್ಜಿ ತೊಳೆದಿದ್ದೆ. ಅದಕ್ಕಿಂತ ಹೆಚ್ಚು ನೋವಾದದ್ದು, ಆ ಹೆಂಗಸು ಅದನ್ನು ನನಗಾಗಿ ಕಾಪಾಡಿದ್ದರೆಂಬುದು. ಹರಾದರ ಮೂಲಕ ಅವರು ಇನ್ನೊಂದು ಮಾತು ಹೇಳಿದರು. ತಂದೆಯ ಉಳಿ ಮರವನ್ನು ಸುಲಿಯುವ ಸದ್ದನ್ನು ಇನ್ನೊಂದು ಸಲ ಕೇಳಬೇಕೆಂದಿತ್ತು, ಆ ಬಾಬಿನ್ನಿನ ಉಳಿದ ಅರ್ಧವನ್ನು ಹಾಗೇ ಮುಗಿಸಿ ಅವರನ್ನು ಕಳಿಸಿಕೊಡಬೇಕೆಂದಿತ್ತು, ಅಷ್ಟೇ.

ಕಮ್ಮಾರನ ಅಂಗಡಿ

ಆ ಉಳಿಯನ್ನು ಬಡಿದುಕೊಟ್ಟ ಕಮ್ಮಾರ ಕೆಳಗಿನ ಊರಿನಲ್ಲಿದ್ದ. ಇಳಿಜಾರಿನ ಲೆಕ್ಕ ಅವನಿಗೆ ಗೊತ್ತಿರಬಹುದೆಂದು ಮೂವರೂ ಹೋದೆವು. ನಮ್ಮ ಕಮ್ಮಾರರು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಕತ್ತರಿಸಿ ಉಳಿ ಮಾಡುವುದನ್ನು ಕೇಳಿ ಅವನಿಗೆ ಬಹಳ ಸಂತೋಷವಾಯಿತು. ನನ್ನ ಮುಂದೆ ಮೂರು ಓರೆ ಉಳಿ ಇಟ್ಟು, ಒಂದನ್ನು ಎತ್ತಿಕೊ ಎಂದು ಸನ್ನೆ ಮಾಡಿದ. ನಾನು ತಟ್ಟಿ ನೋಡಿ, ಮೂರರಲ್ಲಿ ಕಣ್ಣಿಗೆ ಕುರೂಪಿಯಾಗಿದ್ದನ್ನು ಎತ್ತಿದೆ. ಅವನು ಹಲ್ಲು ಬಿಟ್ಟ. ಪರೀಕ್ಷೆಯಲ್ಲಿ ಪಾಸಾಗಿದ್ದೆ, ಆದರೆ ಲಾಭವಾಗಲಿಲ್ಲ. ಬಡಿಯುವುದಷ್ಟೇ ತನ್ನ ಕೆಲಸ, ಮಸೆದು ಬಾಯಿ ಮೂಡಿಸುವುದು ಕಡೆಯುವವನದ್ದು, ಯಜಮಾನ ಮಸೆಯುವಾಗ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ ಎಂದ. ಹೊರಟಾಗ ಅವನು ಹಿಂದಿನಿಂದ ಕೂಗಿ ಹೇಳಿದ್ದನ್ನು ಹರಾದ ಕನ್ನಡಕ್ಕೆ ತಿರುಗಿಸಿ ಹೇಳಿದರು: “ಉಳಿ ಯಾಕೆ ನೋಡ್ತೀರಿ, ಅವ್ನು ಎಲ್ ಕುಂತು ಮಸೀತಿದ್ದ ಅದ ನೋಡೋಗಿ ಅಂತಾನೆ.”

ಕಲ್ಲಿನ ಜಾಗ

ಕೆಲಸದ ಕೋಣೆಯ ಹಿಂದೆ, ನೀರಿನ ತೊಟ್ಟಿಯ ಪಕ್ಕ, ಹಲಗೆ ಹಾಸಿದ ಒಂದು ಗೂಡು. ಒಬ್ಬರು ಕೂರುವಷ್ಟೇ ಜಾಗ. ಯಜಮಾನರ ಮಸೆಗಲ್ಲು ನೆಲಕ್ಕೆ ಹೂತಿತ್ತು, ನಡುವೆ ದೋಣಿಯಂತೆ ಸವೆದಿತ್ತು. ಬಗ್ಗಿ ನೋಡಿದಾಗ ಹಲಗೆಯಲ್ಲಿ ಎರಡು ತಗ್ಗು ಕಂಡವು, ಮೊಣಕಾಲು ಊರಿ ಊರಿ ಬಿದ್ದವು. ಎರಡೂ ಒಂದೇ ಸಾಲಿನಲ್ಲಿರಲಿಲ್ಲ, ಬಲಗಡೆಯದು ಒಂದು ಗೇಣು ಹಿಂದಿತ್ತು. ಪಕ್ಕದ ಕಂಬದಲ್ಲಿ ಮೊಣಕೈ ತಾಗಿ ತಾಗಿ ಹೊಳೆಯುವ ಇನ್ನೊಂದು ತಗ್ಗು. ಅಲ್ಲಿ ಮನುಷ್ಯ ಇರಲಿಲ್ಲ, ಅವನ ಅಳತೆ ಮಾತ್ರ ಇತ್ತು.

ನಾನು ಆ ತಗ್ಗುಗಳಲ್ಲಿ ಮೊಣಕಾಲಿಟ್ಟು ಕೂತೆ. ಬಲಸೊಂಟ ತಿರುಚಿಕೊಂಡು ಜೀವ ಹೋದ ಹಾಗಾಯಿತು. ಯಜಮಾನರಿಗೆ ಸೊಂಟದ ಊನ ಇದ್ದಿರಬೇಕು. ಕಂಬದ ತಗ್ಗಿಗೆ ಮೊಣಕೈ ಕೊಟ್ಟು ಉಳಿಯನ್ನು ಕಲ್ಲಿಗೆ ಇಳಿಸಿದೆ. ಆ ಭಂಗಿಯಲ್ಲಿ ಕೈ ನೇರವಾಗಿ ಹೋಗಲು ಜಾಗವೇ ಇರಲಿಲ್ಲ. ಮುಂದಕ್ಕೆ ತಳ್ಳಿದರೆ ಮಣಿಕಟ್ಟು ತಾನಾಗಿ ಒಳಕ್ಕೆ ಹೊರಳುತ್ತಿತ್ತು, ಹಿಂದಕ್ಕೆ ಎಳೆದರೆ ಹೊರಕ್ಕೆ. ಉಬ್ಬು ಹುಟ್ಟಿದ್ದು ಅಲ್ಲೇ ಎಂದು ಅರ್ಥವಾಯಿತು. ಮೈಯಲ್ಲಿ ಬೆವರು ಬಂತು. ನಡುವೆ ಒಮ್ಮೆ ಕೈ ನಿಲ್ಲಿಸಬೇಕೆಂದು ಮನಸ್ಸು ಹೇಳಿತು, ಕೈ ಇನ್ನೂ ಮೂರು ಸಲ ಹೋಗಿ ಬಂದು ಆಮೇಲೆ ನಿಂತಿತು. ಇದನ್ನು ನಾನು ಹರಾದರಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಯಜಮಾನರ ಬಾಬಿನ್ನನ್ನು ಜೋಪಾನವಾಗಿ ಬಿಚ್ಚಿಟ್ಟು, ಹಾಳು ಮರದ ತುಂಡುಗಳ ಮೇಲೆ ಪರೀಕ್ಷೆ ಶುರುವಾಯಿತು. ಕಿಯೊ ಎದುರು ಕೂತು ಹಗ್ಗ ಎಳೆದರು, ಕಣ್ಣು ಮುಚ್ಚಿಕೊಂಡು. ಮೊದಲ ದಿನ ಉಳಿ ಆರು ಸಲ ಕಚ್ಚಿತು. ನಾನು ಅಂಚನ್ನು ಮೊದಲು ತಾಗಿಸುತ್ತಿದ್ದೆ, ಅದೇ ತಪ್ಪು. ಮೊದಲು ಇಳಿಜಾರಿನ ಹೊಟ್ಟೆಯನ್ನು ತಿರುಗುವ ಮರದ ಮೇಲೆ ಸುಮ್ಮನೆ ಇಡಬೇಕು, ಏನನ್ನೂ ಕತ್ತರಿಸಬಾರದು. ಆಮೇಲೆ ಹಿಡಿಯನ್ನು ಕೂದಲೆಳೆಯಷ್ಟು ಎತ್ತಿದರೆ ಅಂಚು ತಾನಾಗಿ ಮರಕ್ಕೆ ಸಿಗುತ್ತದೆ. ಅಂಚಿನ ನಡುವಿಗಿಂತ ಸ್ವಲ್ಪ ಕೆಳಗಿನ ಭಾಗ, ಗಿಡ್ಡ ಮೂಲೆಯ ಕಡೆಯದು, ಅಷ್ಟೇ ಕತ್ತರಿಸಬೇಕು. ಉದ್ದ ಮೂಲೆ ಗಾಳಿಯಲ್ಲೇ ಇರಬೇಕು. ಉಬ್ಬು ಇದ್ದುದರಿಂದ ಈ ಹೊರಳಾಟ ಹೆದರಿಕೆಯಿಲ್ಲದೆ ಆಗುತ್ತಿತ್ತು, ಸಪಾಟು ಉಳಿಯಲ್ಲಿ ಎಡವುತ್ತಿತ್ತು.

ಕಡೆದದ್ದು ನನ್ನ ಕಣ್ಣಿಗೆ ಚೆನ್ನಾಗಿ ಕಂಡಾಗಲೂ ಕಿಯೊ ತಲೆಯಾಡಿಸಿ ಅಲ್ಲ ಎನ್ನುತ್ತಿದ್ದರು. 'ಅಲ್ಲ' ಎನ್ನುವ ಅವರ ಭಾಷೆಯ ಪದವೊಂದನ್ನೇ ನಾನು ಅಲ್ಲಿ ಚೆನ್ನಾಗಿ ಕಲಿತದ್ದು. ಮತ್ತೆ ಗೂಡಿಗೆ ಹೋಗಿ ಮೊಣಕಾಲೂರಿ ಮಸೆದು ಬರುತ್ತಿದ್ದೆ. ಐದನೆಯ ದಿನಕ್ಕೆ ನನ್ನ ನಡಿಗೆಯೇ ಬದಲಾಗಿತ್ತು, ಬಲಗಾಲನ್ನು ಎಳೆದು ಹಾಕುತ್ತಿದ್ದೆ. ಹರಾದರ ತಾಯಿ ನನ್ನನ್ನು ಹಿಂದಿನಿಂದ ಕಂಡು ಕೈಯಲ್ಲಿದ್ದ ತಟ್ಟೆ ಬೀಳಿಸಿದರು. ಅವರ ಬಾಯಿಂದ ಒಂದು ಹೆಸರು ಹೊರಟಿತು, ಅದು ಯಾರದೆಂದು ನಾನು ಹರಾದರನ್ನು ಕೇಳಲಿಲ್ಲ.

ಆರನೆಯ ದಿನ ಹೊಟ್ಟೆಯನ್ನು ಮರಕ್ಕೆ ಇಟ್ಟು ಹಿಡಿ ಎತ್ತಿದೆ. ಮರ ಒದ್ದೆ ರಿಬ್ಬನ್ನಿನ ಹಾಗೆ ಸುಲಿದು ನನ್ನ ಮಣಿಕಟ್ಟಿನ ಮೇಲೆ ಸುತ್ತಿಕೊಂಡಿತು. ಕಿಯೊರ ಕೈ ಹಗ್ಗದ ಮೇಲೆ ನಿಂತುಹೋಯಿತು. ಕಣ್ಣು ಮುಚ್ಚಿಯೇ ಇತ್ತು, ಕೆನ್ನೆಯ ಮೇಲೆ ನೀರು ಇಳಿಯಿತು. ಅವರು ತಂದೆಯನ್ನು ಕರೆಯುವ ಪದದಲ್ಲಿ ನನ್ನ ಕಡೆಗೆ ಏನೋ ಕೇಳಿದರು. ಹರಾದ ಗೋಡೆಯ ಕಡೆ ತಿರುಗಿಕೊಂಡರು. ನಾನು ಉಳಿಯನ್ನು ಆಸರೆಯ ಮೇಲೆ ಒರಗಿಸಿಟ್ಟೆ.

ಕೊನೆಯ ದಿನ

ನಮ್ಮ ಶೆಡ್ಡಿನ ವಿಷಯವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಆ ತಗ್ಗುಗಳ ನಡುವಿನ ಅಂತರವನ್ನು ದಾರದಲ್ಲಿ ಅಳೆದು, ಗಂಟು ಹಾಕಿಕೊಂಡು ಬಂದೆ. ಚನ್ನಪಟ್ಟಣದಲ್ಲಿ ಅದೇ ಅಳತೆಗೆ ಹಲಗೆ ಹಾಕಿಸಿ ಎಲ್ಲರನ್ನೂ ಕೂರಿಸಿದೆ. ಸೊಂಟ ನೋವೆಂದು ಬೈದುಕೊಂಡೇ ಕಲಿತರು. ನೂಲು ಹರಿಯುವುದು ನಿಂತಿತು, ರೀಲರುಗಳು ಮತ್ತೆ ಬಾಗಿಲಿಗೆ ಬಂದರು, ಆ ರೇಷ್ಮೆಯ ಕಾಲ ಇರುವವರೆಗೂ ನಾವೂ ಇದ್ದೆವು.

ಆದರೆ ಹೇಳಬೇಕಾದದ್ದು ಅಲ್ಲಿನ ಕೊನೆಯ ದಿನದ ಬಗ್ಗೆ. ಬೆಳಿಗ್ಗೆ ಯಜಮಾನರ ಬಾಬಿನ್ನನ್ನು ತಿರುಗಣೆಗೆ ಮತ್ತೆ ಏರಿಸಿದೆವು, ಉಳಿದ ಅರ್ಧ ಮುಗಿಸಬೇಕಿತ್ತು. ನಾನು ಮೆತ್ತೆಯ ಮೇಲೆ ಕೂತು ಉಳಿ ಎತ್ತಿದೆ. ಹಗ್ಗ ಅಲುಗಲಿಲ್ಲ. ನೋಡಿದರೆ ಕಿಯೊ ಎದ್ದು ನಿಂತಿದ್ದರು.

“ಏಳು ನಂಜಣ್ಣ,” ಎಂದರು ಹರಾದ. “ಅವ್ರು ಕುಂತ್ಕೊತಾರಂತೆ.”

ಕಿಯೊ ಮೊದಲು ಗೂಡಿಗೆ ಹೋದರು. ಮೊಣಕಾಲುಗಳನ್ನು ತಗ್ಗಿಗೆ ಇಟ್ಟರು, ನೆಲ ನೋಡಲಿಲ್ಲ. ನನ್ನ ಹಾಗೆ ತಿರುಚಿಕೊಳ್ಳಬೇಕಾಗಿ ಬರಲಿಲ್ಲ. ಅವರ ಸೊಂಟ ಆ ಜಾಗಕ್ಕೆ ಹುಟ್ಟಿನಿಂದಲೇ ಸರಿಯಾಗಿತ್ತು. ಮಸೆದು ಬಂದು ಮೆತ್ತೆಯ ಮೇಲೆ ಕೂತು, ಪಕ್ಕದ ಚಹದ ಲೋಟವನ್ನು ಎತ್ತಿ ತಾವೇ ಕುಡಿದು, ಉಳಿ ಹಿಡಿದರು. ನಾನು ಅವರ ಜಾಗದಲ್ಲಿ ಕೂತು ಹಗ್ಗದ ಎರಡು ತುದಿ ಹಿಡಿದೆ. ಅಲ್ಲಿಯೂ ನೆಲ ಸವೆದಿತ್ತು.

ಎಳೆದೆ. ಮರದ ಮೇಲೆ ಉಳಿ ಇಳಿಯಿತು. ನಾನು ಕಿವಿಗೊಟ್ಟೆ, ಎದುರಿನಿಂದ ಸಣ್ಣ ಸರಸರ ಅಷ್ಟೇ ಕೇಳುತ್ತಿತ್ತು. ಆಮೇಲೆ ಅಂಗೈಯಲ್ಲಿ ಅದು ಬಂತು. ಹಗ್ಗದೊಳಗಿನಿಂದ, ತೆಳ್ಳನೆಯ ಒಂದು ನಡುಕ, ಯಾರೋ ಬಾಯಿ ಮುಚ್ಚಿಕೊಂಡು ರಾಗ ಎಳೆದ ಹಾಗೆ. ಅದು ಮೊಣಕೈಗೆ ಏರಿ, ಎದೆಗೆ ಬಂದು, ಕಿವಿಯನ್ನು ಒಳಗಿನಿಂದ ಮುಟ್ಟಿತು. ನಲವತ್ತು ವರ್ಷ ಅವರು ಕೇಳಿದ್ದ ಸದ್ದು ಇದೇ, ಹಗ್ಗ ಹಿಡಿದವರಿಗಲ್ಲದೆ ಬೇರೆಯವರಿಗೆ ಅದು ಕೇಳುವುದೇ ಇಲ್ಲ ಎಂದು ಆಗ ನನಗೆ ಗೊತ್ತಾಯಿತು.

ಕಿಯೊ ಕೈ ತಡೆದರು. ಅವರ ಮುಖ ಬಾಡಿಹೋಗಿತ್ತು. ತಲೆಯಾಡಿಸಿ, ಅಲ್ಲ ಎಂದರು. ಬರಲಿಲ್ಲ, ತನ್ನ ಕೈಗೆ ಆ ಸದ್ದು ಬರಲಿಲ್ಲ ಎನ್ನುತ್ತಿದ್ದಾರೆ ಎಂದು ಹರಾದ ಹೇಳಲು ಬಾಯಿ ತೆರೆದರು, ನಾನು ಅವರನ್ನು ತಡೆದೆ.

“ಬಂತು ಕಣವ್ವ,” ಎಂದೆ ನಾನು, ನಮ್ಮ ಮಾತಿನಲ್ಲೇ, ನೇರವಾಗಿ ಅವರಿಗೆ, ಹಗ್ಗ ಹಿಡಿದ ಅಂಗೈಗಳನ್ನು ತೋರಿಸುತ್ತ. “ಇಲ್ಲಿಗ್ ಬಂತು. ನಿಲ್ಲಿಸ್ಬೇಡಿ.”

ಅವರು ನನ್ನ ಮುಖ ನೋಡಿದರು, ಹಗ್ಗ ಹಿಡಿದ ನನ್ನ ಕೈಗಳನ್ನು ನೋಡಿದರು. ಆಮೇಲೆ ಉಳಿಯ ಹೊಟ್ಟೆಯನ್ನು ಮರಕ್ಕೆ ಇಟ್ಟರು. ನಾನು ಕಣ್ಣು ಮುಚ್ಚಿ ಎಳೆದೆ.